ತಂಗಿ ಹತ್ತದ ಬೋಟು

ಕಳೆದ ಭಾನುವಾರ ನಮ್ಮೂರು ಅವರ್ಸಾದ ದಂಡೆಯಲ್ಲಿ ಕಾರವಾರದ ಅಕ್ಕೋರುಗಳನ್ನೆಲ್ಲ ಕೈಹಿಡಿದು ನನ್ನ ಬೋಟು ಹತ್ತಿಸಿದೆ. ಸ್ವಂತ ತಂಗಿಯನ್ನು ಮಾತ್ರ ಇಳಿಸಿದೆ.

ನಮ್ಮಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರುಗಳೇ; ಇವರದ್ದು ಒಂದು ಮಹಿಳಾ ಕ್ಲಬ್. ರಜೆಯ ದಿನ ಬಂದು ನಮ್ಮೂರ ಹುಡುಗಿಯರಿಗೆ ಈಜು ಕಲಿಸುತ್ತಾರೆ. (ಸಮುದ್ರದ ಪಕ್ಕದಲ್ಲೇ ಹುಟ್ಟಿದವರಿಗೆ ಈಜು ಬಾರದೇ ಎಂದು ಕೇಳಬೇಡಿ. ಗಂಡಸರಿಗೆ ಬರುತ್ತದೆ.) ತಂಗಿ ರೇಷ್ಮಾ ಅವರ ಹತ್ತಿರವೇ ಕಲಿತವಳು. ಅಂದು ಹುಡುಗಿಯರಿಗೆ ಬೋಟಿನಿಂದ ನೀರಿಗೆ ಹಾರುವ ಪಾಠ. ಅದನ್ನು ರೇಷ್ಮಾ ಚೆನ್ನಾಗಿ ನಡೆಸಿಕೊಟ್ಟರೆ ಇನ್ನು ಊರಿಗೆ ಅವಳೇ ಟ್ರೇನರ್. ಬೋಟು ನಾನು ಕೊಡುತ್ತೇನೆ ಎಂದು ದೊಡ್ಡದಾಗಿ ಹೇಳಿದವನೂ ನಾನೇ.

ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ಮನೆಯ ಹೆಂಗಸರು ಬೋಟಿಗೆ ಆರತಿ ಎತ್ತುತ್ತಾರೆ, ಬೋಟು ಹತ್ತುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಯಾಕೆ ಎಂದು ಕೇಳಿದವನಲ್ಲ.

ಅಕ್ಕೋರುಗಳ ಹಿಂದೆ ಊರ ಹುಡುಗಿಯರೂ ಹತ್ತಿ ಕೂತರು. ಕೊನೆಗೆ ರೇಷ್ಮಾ ಬೋಟಿಗೆ ಕಾಲಿಟ್ಟಳು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಗೆಳೆಯ ಗಣಪು ಕೂಗಿದ: "ಏನಾ ಮಾರಾಯಾ, ಮನೆ ಹೆಂಗಸ್ರನ್ನೂ ಹತ್ತಸ್ತ್ಯಾ? ನಾಳಿಂದ ನಿನ್ನ ಬಲೆಗೆ ನೀರೇ ಬೀಳೂದು!"

ದಂಡೆಯಲ್ಲಿದ್ದವರೆಲ್ಲ ನಕ್ಕರು.

"ನೀ ಇಳಿ" ಎಂದೆ.

"ಅವ್ರು ಹತ್ತಬೌದಾ ದಾದಾ?"

"ಅವ್ರು ಹೊರಗಿನವ್ರು. ನೀ ಮನೆಯವ್ಳು."

ಎಂಥ ನ್ಯಾಯ ನೋಡಿ!

ಬೋಟಿನ ಆ ತುದಿಯಲ್ಲಿ, ಹುಡುಗಿಯರ ಗದ್ದಲದ ನಡುವೆ ಕೂತಿದ್ದ ಕ್ಲಬ್ಬಿನ ಅಧ್ಯಕ್ಷೆಗೆ ಇದ್ಯಾವುದೂ ಕೇಳಿಸಿರಲಿಲ್ಲ; ಬೋಟು ಹೊರಟ ಮೇಲೆ ಕೇಳಿದರು, ರೇಷ್ಮಾ ಯಾಕೆ ಬರಲಿಲ್ಲ? ಪದ್ಧತಿ ಎನ್ನಲು ನಾಚಿಕೆಯಾಯಿತು. "ಅವ್ಳಿಗೆ ಆಳ ಕಂಡ್ರೆ ಹೆದ್ರಿಕೆ, ಅಕ್ಕೋರೇ" ಅಂದುಬಿಟ್ಟೆ.

ರೇಷ್ಮಕ್ಕ ಇಲ್ಲದೆ ಒಬ್ಬ ಹುಡುಗಿಯೂ ಹಾರಲಿಲ್ಲ. ಬೋಟು ತಿರುಗಿಸಿದೆ. ದಂಡೆಯಲ್ಲಿ ಅಧ್ಯಕ್ಷೆ ರೇಷ್ಮಾಳ ಬೆನ್ನು ಸವರಿದರು. "ಹೆದರಿಕೆ ಇದ್ರೆ ಮೊದಲೇ ಹೇಳ್ಬೇಕಿತ್ತಮ್ಮ. ಇರ್ಲಿ, ಕಾರವಾರದಿಂದ ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ತೇವೆ."

ರೇಷ್ಮಾ ನನ್ನನ್ನೊಮ್ಮೆ ನೋಡಿದಳು. ಅವಳ ಒಂದು ಮಾತು ಸಾಕಿತ್ತು, ನನ್ನ ಮರ್ಯಾದೆ ಅಲ್ಲೇ ಹೋಗುತ್ತಿತ್ತು. ಅವಳು ಕೊರಳಲ್ಲಿದ್ದ ಟ್ರೇನರ್ ಸೀಟಿ ತೆಗೆದು ಅಧ್ಯಕ್ಷೆಯ ಕೈಗೆ ಕೊಟ್ಟಳು.

 ಅಕ್ಕೋರೇ, ನೀವು ಪೇಪರಿನ ಈ ಅಂಕಣ ಓದುತ್ತೀರಿ ಎಂದು ಗೊತ್ತು. ಹೆದರಿದ್ದು ಅವಳಲ್ಲ. ದಂಡೆಯ ನಗುವಿಗೆ ಹೆದರಿದ್ದು ನಾನು. ಟ್ರೇನರ್ ಕೆಲಸ ಅವಳಿಗೇ ಕೊಡಿ.

ಹೀಗೆ ಬರೆಯುತ್ತೇನೆ ಎಂದು ನಿನ್ನೆ ರೇಷ್ಮಾಗೆ ಹೇಳಿದೆ. ಮೀನು ಕೊಯ್ಯುತ್ತಿದ್ದವಳು ತಲೆ ಎತ್ತದೆ ಕೇಳಿದಳು:

"ಗಣಪು ಪೇಪರ್ ಓದ್ತಾನಾ, ದಾದಾ?"