ಮೊದಲು ಚೆನ್ನಾಗಿರುವ ಕಾಲು

ಕುದುರೆಗಳ ಕಾಲಿಗೆ ಸ್ಕ್ಯಾನ್ ಮಾಡುವ ಈ ಡಾಕ್ಟರು ಊದಿದ ಕಾಲನ್ನು ಮೊದಲು ಮುಟ್ಟಿದವರೇ ಅಲ್ಲ. “ಚೆನ್ನಾಗಿರೋ ಕಾಲು ಯಾವ್ದಮ್ಮಾ?” ಎಂದು ಕೇಳಿ, ಅದಕ್ಕೇ ಜೆಲ್ ಸವರಿ, ಮಂಡಿಯಿಂದ ಗೊರಸಿನವರೆಗೆ ಸ್ನಾಯುವಿನ ಎಳೆ ಎಳೆಯನ್ನೂ ನೋಡುತ್ತಾರೆ. “ನೋವಿರೋದು ಆ ಕಡೆ ಡಾಕ್ಟ್ರೇ” ಎಂದು ಕುದುರೆಯ ಒಡತಿ ಚಡಪಡಿಸಿದರೆ, “ಸರಿಯಾಗಿರೋದನ್ನ ನೋಡ್ದೆ ಕೆಟ್ಟಿರೋದು ಹೇಗಮ್ಮಾ ಗೊತ್ತಾಗುತ್ತೆ?” ಎಂದು ಗದರುತ್ತಾರೆ. ಕುದುರೆ ಅವರ ಟೋಪಿ ಕಿತ್ತುಕೊಂಡರೂ ಸ್ಕ್ಯಾನ್ ಪರದೆಯಿಂದ ಕಣ್ಣು ಕೀಳುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಬೆಂಕಿ ತಗುಲದ ಕೋಣೆಯನ್ನು ನೋಡಿ ಬರುವ ಆಸಾಮಿ ಎಂದು ಅವರ ಹೆಂಡತಿಯೇ ನಗುತ್ತಾರೆ. ಕೊನೆಗೂ ಊದಿದ ಕಾಲಿಗೆ ಬಂದು, ಉಸಿರು ಬಿಗಿಹಿಡಿದು ನೋಡಿ, “ಒಳಗೇನೂ ಹರಿದಿಲ್ಲ ಕಣಮ್ಮಾ, ಬರೀ ಊತ. ಮತ್ತೆ ಓಡುತ್ತೆ” ಎಂದರೆ ಒಡತಿಯ ಕಣ್ಣು ತುಂಬುತ್ತದೆ. ಡಾಕ್ಟರು ಮಾತ್ರ ಅಲ್ಲೇ ಬಕೆಟ್ ಬೋರಲು ಹಾಕಿ ಕುಸಿದು ಕೂತು, ಬೆವರು ಒರೆಸಿಕೊಂಡು, ಮೆಲ್ಲಗೆ ಹೇಳುತ್ತಾರೆ: “ಈ ಕಾಲಿಗೆ ಬರೋಕೆ ನಂಗೆ ಯಾವಾಗ್ಲೂ ಭಯ ಕಣಮ್ಮಾ.”