ಗೈರಿಗೆ ಸೊನ್ನೆ ಹಾಕದ ವನಜಮ್ಮ

ಏಪ್ರಿಲ್ ಒಂಬತ್ತರ ಬೆಳಗು, ಆರು ಗಂಟೆ. ತೊಗರ್ಸಿಯಿಂದ ಮೊದಲ ಬಸ್ಸಿಗೆ ಬಂದ ವನಜಮ್ಮ ಶಿರಾಳಕೊಪ್ಪದ ಬಾಲಿಕಾ ಪ್ರೌಢಶಾಲೆಯ ಕಚೇರಿಯಲ್ಲಿ ಕಂಪ್ಯೂಟರಿನ ಮೇಲೆ ಹೊದಿಸಿದ ಬಟ್ಟೆ ತೆಗೆಯುತ್ತಾರೆ. ಎಂಟಕ್ಕೆ ಕರೆಂಟು ಹೋಗುತ್ತದೆ. ನಾಳೆ ಹತ್ತನೇ ತಾರೀಖು, ಫಲಿತಾಂಶದ ದಿನ. ಕೈಯಲ್ಲಿರುವುದು ಎರಡೇ ತಾಸು.

ಜವಾನ ಶೇಷಪ್ಪ ಲೋಟದ ಮೇಲೆ ತಟ್ಟೆ ಮುಚ್ಚಿ ಚಹಾ ತಂದಿಡುತ್ತಾನೆ. "ಏನಕ್ಕಾರೇ, ಎದ್ದೀತಾ ನಿಮ್ಮ ಪೆಟ್ಟಿಗೆ?"

"ನಿನಗಿಂತ ಬೇಗ ಎದ್ದೈತೆ, ಸುಮ್ನಿರು."

ನಲವತ್ತಾರರ ವನಜಮ್ಮ ಇಲ್ಲಿ ಗುಮಾಸ್ತೆಯಾಗಿ ಇಪ್ಪತ್ತೆರಡು ವರ್ಷ. ಪಿಯುಸಿ ಓದಿ, ಟೈಪಿಂಗ್ ಕಲಿತು ಸೇರಿದವರು. ಎಂಟು ಮತ್ತು ಒಂಬತ್ತನೇ ತರಗತಿಯ ಇನ್ನೂರ ಹದಿನಾಲ್ಕು ಹುಡುಗಿಯರಿಗೆ ಆರಾರು ವಿಷಯ, ಒಂದೊಂದಕ್ಕೂ ನಾಲ್ಕು ಪರೀಕ್ಷೆ. ವರ್ಷಕ್ಕೆ ಐದು ಸಾವಿರ ದಾಟುವ ಅಂಕಗಳು ಅವರ ಬೆರಳ ತುದಿಯಿಂದಲೇ ಹಾಯಬೇಕು.

ಬರೀ ಕೂಡಿಸಿದರೆ ಮುಗಿಯುವುದಿಲ್ಲ. ಕಿರುಪರೀಕ್ಷೆ ಎರಡು, ತಲಾ ಹತ್ತರ ತೂಕ. ಅರ್ಧವಾರ್ಷಿಕಕ್ಕೆ ಮೂವತ್ತು, ವಾರ್ಷಿಕಕ್ಕೆ ಐವತ್ತು. ಎಲ್ಲ ಸೇರಿ ನೂರಕ್ಕೆ ಮೂವತ್ತೈದು ಬಂದರೆ ಪಾಸು. "ಜುಲೈನಾಗೆ ಬರೆದಿದ್ದಕ್ಕೆ ಕಡಿಮೆ, ಮಾರ್ಚ್‌ನಾಗೆ ಬರೆದಿದ್ದಕ್ಕೆ ಜಾಸ್ತಿ. ವರ್ಷವಿಡೀ ಕಲಿತಾರಲ್ರೀ, ಮೊದಲು ತಡವರಿಸಿದ್ದಕ್ಕೆ ಪೂರ್ತಿ ಶಿಕ್ಷೆ ಯಾಕೆ?" ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಹಳೆಯ ವಿದ್ಯಾರ್ಥಿನಿಯರು ಕಂಪ್ಯೂಟರ್ ಕೊಟ್ಟರು. ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ವನಜಮ್ಮ ಶನಿವಾರ ಮಧ್ಯಾಹ್ನಗಳಲ್ಲಿ ಶಿಕಾರಿಪುರಕ್ಕೆ ಹೋಗಿ ಕಲಿತರು. ಅಲ್ಲಿನ ಕಂಪ್ಯೂಟರ್ ತರಗತಿಯ, ಮಗನ ವಯಸ್ಸಿನ ಮೇಷ್ಟ್ರು ರಾಹುಲ್, ಇವರು ಬರುವ ಮೊದಲೇ ಬಾಗಿಲ ಬಳಿಯ ಬೆಳಕಿನ ಜಾಗ ಖಾಲಿ ಮಾಡಿಸಿಡುತ್ತಿದ್ದನಂತೆ. ತೂಕದ ಲೆಕ್ಕವನ್ನು ಒಂದು ಸಲ ಕೂರಿಸಿಬಿಟ್ಟರೆ ಅಂಕ ತುಂಬಿದ ಕೂಡಲೇ ಫಲಿತಾಂಶ. ಹದಿನೈದು ದಿನದ ಕೆಲಸ ಮೂರು ದಿನಕ್ಕಿಳಿಯಿತು.

ಆ ಮೊದಲ ವರ್ಷವೇ ತಪ್ಪಾಯಿತು.

ರಜಾ ಚೀಟಿ ಕೊಟ್ಟು ಪರೀಕ್ಷೆ ತಪ್ಪಿಸಿದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಗೈ' ಎಂದು ಬರೆದು, ಆ ಪರೀಕ್ಷೆಯ ತೂಕ ಬಿಟ್ಟು, ಉಳಿದದ್ದರ ಮೇಲೆ ಶೇಕಡಾ ಕಟ್ಟುವುದು ಶಾಲೆಯ ಪದ್ಧತಿ. ಕಂಪ್ಯೂಟರ್ ಅಕ್ಷರ ಕಂಡರೆ ಲೆಕ್ಕವನ್ನೇ ನಿಲ್ಲಿಸುತ್ತಿತ್ತು. ವನಜಮ್ಮ ಅಲ್ಲೆಲ್ಲ ಸೊನ್ನೆ ಒತ್ತಿದರು. ಲೆಕ್ಕ ಸರಾಗವಾಗಿ ಓಡಿತು. ಫಲಿತಾಂಶ ಶಾಲೆಯ ನೋಟಿಸ್ ಬೋರ್ಡಿಗೇರಿತು.

ಮೂರನೆಯ ದಿನ ಕುಬಟೂರಿನ ಹುಲಿಯಮ್ಮ ಬಂದು ಕಚೇರಿಯ ಬಾಗಿಲಲ್ಲಿ ನಿಂತರು. ಮಗಳು ಕರುಣಾ ಒಂಬತ್ತನೇ ತರಗತಿ, ಗಣಿತದಲ್ಲಿ ಮೂವತ್ತನಾಲ್ಕು. "ನಪಾಸಾದ್ಲಲ್ರೀ. ಟಿ.ಸಿ. ಕೊಟ್ಬಿಡ್ರಿ. ಇನ್ನೊಂದ್ ವರ್ಷ ಅದೇ ಬೆಂಚಿಗೆ ಕಳ್ಸಲ್ಲ ಅಂತಾರೆ ಮನ್ಯಾಗೆ."

ವನಜಮ್ಮ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಟಿ.ಸಿ. ಬರೆಯಲೆಂದು ಹಾಜರಿ ಪುಸ್ತಕ ತೆರೆದರು. ಆಗಸ್ಟ್‌ನಲ್ಲಿ ನಾಲ್ಕು ದಿನ ಗೈರು.

"ಆಗ ಎಲ್ಲಿಗ್ ಹೋಗಿದ್ಲು?"

"ನಾಟಿಗೆ ನಾನೇ ಕರ್ಕೊಂಡ್ ಹೋಗಿದ್ದೆ. ಹೆಬ್ಬೆಟ್ಟು ಒತ್ತಿ ಚೀಟಿ ಕಳ್ಸಿದ್ನಲ್ಲ ತಾಯಿ?"

ಕಡತದಲ್ಲಿ ಚೀಟಿ ಇತ್ತು. ಎರಡನೇ ಕಿರುಪರೀಕ್ಷೆ ನಡೆದದ್ದು ಅದೇ ವಾರ. ವನಜಮ್ಮ ಪೆನ್ನು ಹಿಡಿದರು. ಮೊದಲ ಕಿರುಪರೀಕ್ಷೆಯಲ್ಲಿ ನಾಲ್ಕು, ಅರ್ಧವಾರ್ಷಿಕದಲ್ಲಿ ಹನ್ನೆರಡು, ವಾರ್ಷಿಕದಲ್ಲಿ ಹದಿನೆಂಟು, ಒಟ್ಟು ಮೂವತ್ತನಾಲ್ಕು. ಆದರೆ ಅದು ನೂರಕ್ಕಲ್ಲ, ತೊಂಬತ್ತಕ್ಕೆ. ನೂರಕ್ಕೆ ಹಿಗ್ಗಿಸಿದರೆ ಮೂವತ್ತೆಂಟು.

"ಹುಡುಗಿ ಪಾಸಾಗಿದ್ಲು. ನಪಾಸು ಮಾಡಿದೋಳು ನಾನು" ಎಂದು ಈಗಲೂ ಹೇಳುತ್ತಾರೆ ವನಜಮ್ಮ.

ಮುಖ್ಯೋಪಾಧ್ಯಾಯ ಪಂಚಾಕ್ಷರಪ್ಪ ಮೊದಲು ಒಪ್ಪಲಿಲ್ಲ. "ಸಹಿ ಆಗಿ ಬೋರ್ಡಿಗೆ ಹೋಗೈತೆ ವನಜಮ್ಮಾರೇ. ಈಗ ತಿದ್ದಿದ್ರೆ ಊರೆಲ್ಲ ನಗ್ತದೆ. ನಾಳೆ ನಪಾಸಾದೋರೆಲ್ಲ ಬಂದು ಕೂರ್ತಾರೆ."

"ಬರ್ಲಿ ಸಾರ್. ಎಲ್ಲರದ್ದೂ ಮತ್ತೆ ನೋಡ್ತೀನಿ. ನಗೋದು ನನ್ನ ನೋಡಿ ನಗ್ಲಿ. ಆ ಹುಡುಗಿ ಯಾಕೆ ಓದು ಬಿಡ್ಬೇಕು?"

ಪಂಚಾಕ್ಷರಪ್ಪ ಕನ್ನಡಕ ಹಾಕಿಕೊಂಡರು. ತಿದ್ದುಪಡಿಯ ಒಕ್ಕಣೆ ತಾವೇ ಬರೆದರು. ತಪ್ಪು ಯಾರದೆಂದು ಅದರಲ್ಲಿ ಬರೆಯಲಿಲ್ಲ. 'ಗುಮಾಸ್ತೆಯ ಕೈತಪ್ಪಿನಿಂದ' ಎಂದು ಸೇರಿಸಿದವರು ವನಜಮ್ಮನೇ. ಮರುಲೆಕ್ಕದಲ್ಲಿ ಇನ್ನಿಬ್ಬರು ಪಾಸಾದರು. ಒಬ್ಬಳು ಅಷ್ಟರಲ್ಲಿ ಸೊರಬಕ್ಕೆ ಹೋಗಿ ಹೊಲಿಗೆ ತರಗತಿ ಸೇರಿದ್ದಳು. ವನಜಮ್ಮ ಭಾನುವಾರ ಅಂಕಪಟ್ಟಿ ಹಿಡಿದು ಹೋದರೆ, "ನಂಗೆ ಇದೇ ಚೆನ್ನಾಗೈತೆ ಮೇಡಂ" ಎಂದು ಅವರ ರವಿಕೆಯ ಬಿಟ್ಟುಹೋದ ಹೊಲಿಗೆ ಹಾಕಿಕೊಟ್ಟು ಕಳಿಸಿದಳು. ಇನ್ನೊಬ್ಬಳು ಶಾಲೆಗೆ ಮರಳಿದಳು, ಕರುಣಾಳೂ ಮರಳಿದಳು. ಈ ವಾರ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಿದ್ದಾಳೆ.

ಈಗ ಲೆಕ್ಕದ ಕಟ್ಟು ಬೇರೆ. ಗೈರಾದವರ ಅಂಕದ ಮನೆ ಖಾಲಿ ಇರುತ್ತದೆ. ಪಕ್ಕದ ಹೊಸ ಸಾಲಿನಲ್ಲಿ 'ಎಷ್ಟಕ್ಕೆ' ಎಂದು ನೂರೋ ತೊಂಬತ್ತೋ ಮೂಡುತ್ತದೆ. ಅದರಿಂದಲೇ ಭಾಗಿಸಿ ಶೇಕಡಾ ಬರುತ್ತದೆ. ಈ ಉಪಾಯ ಯಾರೂ ಹೇಳಿಕೊಟ್ಟದ್ದಲ್ಲ, ಎರಡು ತಿಂಗಳು ಕೂತು ಅವರೇ ಹುಡುಕಿದ್ದು. ಆದರೂ ಯಂತ್ರದ ಮಾತನ್ನು ಅವರು ಹಾಗೇ ನಂಬುವುದಿಲ್ಲ. ನಪಾಸಾದ ಪ್ರತಿಯೊಬ್ಬಳ ಲೆಕ್ಕವನ್ನೂ ಕೈಯಲ್ಲಿ ಇನ್ನೊಮ್ಮೆ ಮಾಡುತ್ತಾರೆ. ಪಾಸಾದವರದ್ದೇಕೆ ನೋಡುವುದಿಲ್ಲ ಎಂದರೆ, "ಅವ್ರಿಗೆ ನನ್ನಿಂದ ಅನ್ಯಾಯ ಆಗಿರಲ್ವಲ್ರೀ" ಎಂದು ನಗುತ್ತಾರೆ.

ಈ ವರ್ಷ ನಪಾಸಾದವರು ಒಂಬತ್ತು ಮಂದಿ. ಎಂಟಕ್ಕೆ ಐದು ನಿಮಿಷವಿರುವಾಗ ವನಜಮ್ಮ ಕೊನೆಯ ಹೆಸರಿನ ಮುಂದೆ ಪೆನ್ಸಿಲಿನಿಂದ ಗುರುತು ಹಾಕಿ ಕತ್ತೆತ್ತುತ್ತಾರೆ.

"ಒಂಬತ್ತೂ ಲೆಕ್ಕ ಸರಿ ಐತೆ. ಪಾಪ, ಅಳ್ತಾವೆ ನಾಳೆ. ಆದ್ರೆ ಯಾವ ತಾಯಿ ಬಂದು ಕೇಳಿದ್ರೂ ಎದುರಿಗೆ ಕೂರ್ಸಿ ಲೆಕ್ಕ ತೋರಿಸ್ತೀನಿ."