ಕತ್ತರಿಗೆ ಸಿಕ್ಕ ನಲವತ್ತಮೂರು ರೆಕಾರ್ಡುಗಳು

1988ರಲ್ಲಿ ನಿಪ್ಪಾಣಿಯ ಬಸ್ ನಿಲ್ದಾಣದ ಎದುರು ರೇಡಿಯೊ, ಟೇಪ್ ರೆಕಾರ್ಡರ್, ರೆಕಾರ್ಡ್ ಪ್ಲೇಯರ್‌ಗಳ ದುರಸ್ತಿ ಅಂಗಡಿ ನನ್ನದು. ಪದವಿ ಯಾರೂ ಕೊಟ್ಟಿರಲಿಲ್ಲ. ಊರು ಮಿಸ್ತ್ರಿ ಎಂದು ಕರೆಯುತ್ತಿತ್ತು, ನಾನು ಓಗೊಡುತ್ತಿದ್ದೆ. ಪ್ಲೇಯರಿನೊಳಗೆ ಇಲಿಗಳು ಸಂಸಾರ ಹೂಡಿದ್ದನ್ನೂ ನೋಡಿದವನಾದ್ದರಿಂದ, ಗಿರಾಕಿಗಳು ತರುವ ಯಾವ ಅನಾಹುತವೂ ಇನ್ನು ನನ್ನನ್ನು ಬೆಚ್ಚಿಬೀಳಿಸದು ಎಂದು ನಂಬಿದ್ದೆ.

ಒಂದು ಸೋಮವಾರ ಬೆಳಿಗ್ಗೆ, ಬೀಡಿ ಕಟ್ಟುವ ಸುಶೀಲಾಬಾಯಿ ಬಂದು, ಅಂಗೈಯಗಲದ ಕಪ್ಪು ತುಂಡೊಂದನ್ನು ಮೇಜಿನ ಮೇಲಿಟ್ಟರು.

"ಇದನ್ನ ಜೋಡಸಾಕ ಬರ್ತೈತೇನ್ರಿ, ಅಣ್ಣಾರ?"

ತುಂಡಿನ ಮೇಲೆ ಕೂದಲೆಳೆಯಂಥ ಗೆರೆಗಳಿದ್ದವು. ಅದು ಎಲ್‌ಪಿ, ಅಂದರೆ ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುವ ದೊಡ್ಡ ರೆಕಾರ್ಡಿನ ಚೂರು. ತಿರುಗಿಸಿ ಬೆಳಕಿಗೆ ಹಿಡಿದೆ.

"ಉಳಿದದ್ದು ಎಲ್ಲೈತಿ ಅಕ್ಕಾರ?"

"ಓಣಿ ತುಂಬ ಐತ್ರಿ."

ಬೀಡಿಯ ಎಲೆಯನ್ನು ನೆನೆಸಿ, ಅದರ ಮೇಲೆ ಅಳತೆಯ ತಗಡಿಟ್ಟು, ಸುತ್ತ ಕತ್ತರಿ ಆಡಿಸುತ್ತಾರೆ. ನೀರು ತಾಗಿ ತಾಗಿ ತಗಡು ತುಕ್ಕು ಹಿಡಿಯುತ್ತದೆ. ರೆಕಾರ್ಡಿಗೆ ಆ ಚಟವಿಲ್ಲ. ಅದಕ್ಕೇ ಸುಶೀಲಾಬಾಯಿ ರೆಕಾರ್ಡುಗಳನ್ನು ಅದೇ ಅಳತೆಗೆ ಕತ್ತರಿಸಿ ಓಣಿಯ ಹೆಂಗಸರಿಗೆಲ್ಲ ಹಂಚಿದ್ದರು. "ಬಿಸಿನೀರಾಗ ಅದ್ದಿದ್ರ ಹಪ್ಪಳದ ಹಿಟ್ಟಿನಂಗ ಮೆತ್ತಗಾಗ್ತಾವ್ರಿ" ಎಂದು ಅವರು ವಿಧಾನ ವಿವರಿಸಿದಾಗ ನಾನು ಸ್ಟೂಲಿನ ಮೇಲೆ ಕುಳಿತುಕೊಂಡೆ.

ಗಂಡ ಬಾಳಪ್ಪ ಮುಂಬೈ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ವರ್ಷಕ್ಕೆರಡು ಬಾರಿ ಬರುವಾಗ ಪರದೇಶದ ರೆಕಾರ್ಡುಗಳನ್ನು ತಂದು ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಒಟ್ಟು ಐವತ್ತು. ಈಗ ನಿವೃತ್ತರಾಗಿ, ಪ್ಲೇಯರ್ ಸಮೇತ ಶುಕ್ರವಾರ ಊರಿಗೆ ಬರುವವರಿದ್ದರು.

"ಪೆಟಗಿ ತಗಿ ಅಂತಾರ. ನಾ ಏನ್ ತೋರಸ್ಲಿ? ಮೂವತ್ತು ವರ್ಷದಾಗ ಆ ಮನಶಾ ತನಗಂತ ತಂದದ್ದು ಅದೊಂದರಿ."

"ಅವರು ಇವನ್ನ ಎಂದರ ಕೇಳ್ಯಾರೇನು?"

"ಮಿಷನ್ನ ಇರಲಿಲ್ಲ, ಎಲ್ಲಿಂದ ಕೇಳ್ತಾರ?"

ಈ ಒಂದು ಮಾತಿನ ಮೇಲೆ ನನ್ನ ವೃತ್ತಿಧರ್ಮ ಜಾರಿಬಿತ್ತು. ಪೆಟ್ಟಿಗೆ ತರಿಸಿಕೊಂಡೆ. ಐವತ್ತು ಕವರುಗಳೂ ಇದ್ದವು. ಇಡಿಯಾಗಿ ಉಳಿದ ರೆಕಾರ್ಡು ಏಳು. ಉಳಿದ ನಲವತ್ತಮೂರರ ನಡುವಿನ, ಹೆಸರಿನ ಚೀಟಿ ಅಂಟಿಸಿದ ದುಂಡು ಭಾಗಗಳು ಮಾತ್ರ ಡಬ್ಬಿಗಳ ಮುಚ್ಚಳವಾಗಿ ಬದುಕಿದ್ದವು.

ಏಳನ್ನೂ ಅಂಗಡಿಯಲ್ಲಿ ಹಚ್ಚಿ ಕೇಳಿದೆ. ಆಫ್ರಿಕಾದ ಯಾವುದೋ ಊರಿನ ಗಿಟಾರು ಮಳೆಹನಿಯಂತೆ ಉದುರಿತು. ಟರ್ಕಿಯ ಹೆಂಗಸೊಬ್ಬಳು ಒಂದೇ ಉಸಿರಿನಲ್ಲಿ ಹಾಡುತ್ತ ಹೋದಳು. ಆಕೆ ಉಸಿರೆಳೆಯುವವರೆಗೆ ನಾನೂ ಎಳೆಯಲಿಲ್ಲ. ದಿನವಿಡೀ ಸಂಗೀತದ ಯಂತ್ರಗಳ ನಡುವೆ ಇದ್ದವನಿಗೆ ಇಂಥದ್ದು ಭೂಮಿಯ ಮೇಲಿದೆ ಎಂದೇ ಗೊತ್ತಿರಲಿಲ್ಲ. ಇಂಥವು ಇನ್ನೂ ನಲವತ್ತಮೂರು ಇದ್ದವು ಎಂದು ನೆನೆದು ಅಂದು ಊಟ ಸೇರಲಿಲ್ಲ.

ಆಮೇಲೆ ಮೋಸವನ್ನು ಶ್ರದ್ಧೆಯಿಂದ ಮಾಡಿದೆ. ನನ್ನ ಅಟ್ಟದಲ್ಲಿ ವಾರಸುದಾರರಿಲ್ಲದೆ ಬಿದ್ದಿದ್ದ ರೆಕಾರ್ಡುಗಳಿಂದ ಮಾತಿಲ್ಲದ, ಬರೀ ವಾದ್ಯದವನ್ನು ಆರಿಸಿದೆ. ಮುಚ್ಚಳಗಳಿಂದ ಪರದೇಶದ ಚೀಟಿಗಳನ್ನು ನೆನೆಸಿ ಬಿಡಿಸಿ ಅವಕ್ಕೆ ಅಂಟಿಸಿ, ಕವರಿಗೆ ಸೇರಿಸಿದೆ. ಸುಳ್ಳಿಗೂ ಒಂದು ಕಸುಬುದಾರಿಕೆ ಬೇಡವೇ?

ಶನಿವಾರ ಬಾಳಪ್ಪ ಪ್ಲೇಯರ್ ಹೊತ್ತು ನನ್ನ ಅಂಗಡಿಗೇ ಬಂದರು. ಬಸ್ಸಿನ ಕುಲುಕಾಟಕ್ಕೆ ಬೆಲ್ಟ್ ಕಳಚಿತ್ತು. ಹಿಂದೆ ಸುಶೀಲಾಬಾಯಿ. ಬೆಲ್ಟ್ ಹಾಕಿದೆ. ಅವರು ಬಗಲಿನ ಚೀಲದಿಂದ ಒಂದು ಬ್ರೆಜಿಲ್ ಕವರು ತೆಗೆದು ಕೊಟ್ಟರು. ಮುಳ್ಳು ಇಳಿಸಿದೆ. ಯಾವುದೋ ಬ್ಯಾಂಡಿನ ಕ್ಲಾರಿಯೊನೆಟ್ ಹೊರಟಿತು.

ಬಾಳಪ್ಪ ಎರಡು ನಿಮಿಷ ಕೇಳಿದರು.

"ಇದಲ್ರಿ ಮಿಸ್ತ್ರಿ."

"ಚೀಟಿ ನೋಡ್ರಿ, ಅದ ಐತಿ" ಎಂದೆ.

"ಚೀಟಿ ಅದ. ಹಾಡ ಅದಲ್ಲ. ಹಡಗಿನ ಮ್ಯಾಲ ಕುಂತು ಪೂರಾ ಕೇಳೀನಿ. ಕೇಳದ ತಗೋತೀನೇನ್ರಿ? ಈಕಿ ಕಟ್ಟಿದ ಬೀಡಿ ಹಡಗಿನ ಖಲಾಶಿಗಳಿಗೆ ಕೊಟ್ಟು ಒಂದೊಂದ ಆರಿಸಿ ತಂದಾಂವ ನಾ."

ಸುಶೀಲಾಬಾಯಿ ಮುಂದೆ ಬಂದರು.

"ಮಿಸ್ತ್ರೀನ ಬಯ್ಯಬ್ಯಾಡ್ರಿ. ಕತ್ತರಿಸಿದಾಕಿ ನಾ. ಬಾಜೂಮನಿ ಗಂಗವ್ವಗ ತುಕ್ಕಿನ ತಗಡು ಕೊಯ್ದು ಬೆರಳು ಕೊಳತು ದವಾಖಾನ್ಯಾಗ ತಗದ್ರು. ಮರುದಿನ ಪೆಟಗಿ ತಗದೆ. ಓಣ್ಯಾಗ ಆಮ್ಯಾಲ ಯಾರ ಬೆರಳೂ ಹೋಗಿಲ್ಲ."

"ಮತ್ತ ಪತ್ರದಾಗ ಬರೀಲಿಲ್ಲ?"

"ಏನಂತ ಬರಸ್ಲಿ? ನಿಮ್ಮ ಹಾಡ ಕೊಯ್ದೇನಿ ಅಂತ?"

"ನನ್ನವೇನ ಅವು? ನೀ ಕೇಳಬೇಕಂತ ತಂದಿದ್ದೆ."

ಆಕೆ ಸೆರಗನ್ನು ಬಾಯಿಗಿಟ್ಟುಕೊಂಡರು. ಬಾಳಪ್ಪ ಮುಳ್ಳು ಎತ್ತುವಂತೆ ನನಗೆ ಸನ್ನೆ ಮಾಡಿ, ತಿರುಗುತ್ತಿದ್ದ ಚೀಟಿಯನ್ನು ನೋಡುತ್ತ ಸಿಳ್ಳೆ ಹಾಕತೊಡಗಿದರು. ಬ್ರೆಜಿಲ್ಲಿನ ಹಾಡು, ಮೊದಲಿಂದ ಕೊನೆಯವರೆಗೆ, ನಡುವಿನ ಡೋಲಿಗೆ ನನ್ನ ಮೇಜು. ಮುಗಿದ ಮೇಲೆ ಹೆಂಡತಿಯನ್ನು ಕೇಳಿದರು, "ಹೆಂಗೈತಿ?"

"ಇನ್ನೊಂದ ಹಾಕ್ರಿ" ಎಂದರು ಸುಶೀಲಾಬಾಯಿ.

ಬಾಳಪ್ಪ ಚೀಲಕ್ಕೆ ಕೈ ಹಾಕಿ ಮುಂದಿನ ಕವರು ತೆಗೆದು, ಅದರ ಮೇಲಿನ ಹೆಸರು ಓದಿಕೊಂಡರು.

ಮೂವತ್ತು ವರ್ಷ ಅಂಗಡಿ ನಡೆಸಿ ಮುಚ್ಚಿದೆ. ಪ್ಲೇಯರ್ ಯಾಕೆ ಕೆಟ್ಟಿತು ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಅದರಲ್ಲಿ ಗಿರಾಕಿ ಏನು ಕೇಳಿದ್ದಾರೆ, ಏನು ಕೇಳಿಲ್ಲ ಎಂದು ಅವರ ಪರವಾಗಿ ನಿರ್ಧರಿಸುವುದನ್ನು ಆ ಶನಿವಾರವೇ ಬಿಟ್ಟೆ.